ಹಗ್ಗದ ಕೆಳತುದಿ

ನಮ್ಮ ಬಂಡೆಯ ಮೇಲೆ ಒಂದು ಕಾಯಿದೆ ಇದೆ. ಮೇಲೆ ನಿಂತವರು ಇಳಿಯುವ ಮೊದಲು ಕೆಳಗೆ ಹಗ್ಗ ಹಿಡಿದವರನ್ನು ಕೂಗಿ ಕೇಳಬೇಕು. ಕೆಳಗಿನವರು ‘ಬಾ’ ಅನ್ನುವ ತನಕ ಹೆಜ್ಜೆ ಎತ್ತಬಾರದು. ಕೆಳಗಿನವರಿಗೂ ಕಟ್ಟಳೆ ಇದೆ. ‘ಬಾ’ ಅಷ್ಟೇ ಅನ್ನಬೇಕು, ಅದರ ಹಿಂದೆ ಮುಂದೆ ಇನ್ನೊಂದು ಮಾತು ಸೇರಿಸಬಾರದು. ಇದನ್ನು ಮಾಡಿದವರು ನಮ್ಮ ಮನೆಯವರು. ಫೌಜಿನಲ್ಲಿದ್ದು ಬಂದವರು, ಹಿಮದ ಗುಡ್ಡಗಳಲ್ಲಿ ಹಗ್ಗದ ಕೆಲಸ ಕಲಿತವರು. ಮಾತು ಹೆಚ್ಚಾದರೆ ಹಗ್ಗ ಸಡಿಲಾಗುತ್ತದೆ ಅನ್ನುವುದು ಅವರ ನಂಬಿಕೆ. ಮಾತಿನ ವಿಷಯಕ್ಕೆ ಬಂದರೆ ನಾನು ಅವರಿಗೆ ಪೂರಾ ಉಲ್ಟಾ. ಆದರೂ ಇಷ್ಟು ವರ್ಷ ಆ ಕಾಯಿದೆಯನ್ನು ನಾನು ಮುರಿದಿರಲಿಲ್ಲ.

ಮೊದಮೊದಲು ಅವರು ತಾವು ಕಲಿತ ಇಂಗ್ಲಿಷ್ ಕೂಗುಗಳನ್ನೇ ಮಕ್ಕಳಿಗೆ ಕಲಿಸಲು ಹೋದರು. ‘ಆನ್ ರೋಪ್’ ಅನ್ನಬೇಕಾದ ಕಡೆ ಅಥಣಿಯ ಒಬ್ಬ ಹುಡುಗ ‘ಆಣೆ ರೂಪಾಯಿ’ ಅಂತ ಗಂಟಲು ಹರಿಯುವಂತೆ ಕೂಗಿದ. ಅದನ್ನೂ ಸಹಿಸಿಕೊಂಡರು. ಆಮೇಲೆ ಒಬ್ಬಳು ‘ಗೋಯಿಂಗ್’ ಅಂದರೆ ಏನ್ರಿ ಸರ್ ಅಂತ ಕೇಳಿದಳು. ‘ಹೋಗ್ತೀನಿ’ ಅಂತ, ಅಂದರು ಇವರು. ಸಾಲಿನಲ್ಲಿ ನಿಂತ ಮಕ್ಕಳೆಲ್ಲ ಒಮ್ಮೆಲೇ ತಣ್ಣಗಾದರು. ಕಡಿದಾದ ಬಂಡೆಯ ಅಂಚಿನಲ್ಲಿ ನಿಂತು ಯಾರಾದರೂ ‘ಹೋಗ್ತೀನಿ’ ಅಂತಾರೆಯೇ? ನಮ್ಮ ಕಡೆ ಸಂತೆಗೆ ಹೊರಟವರೂ ಹಾಗೆ ಅನ್ನುವುದಿಲ್ಲ. ಹೋಗುವವರು ‘ಬರ್ತೀನಿ’ ಅಂತಲೇ ಹೋಗುತ್ತಾರೆ.

“ಹಂಗ ಅನಬಾರದ್ರಿ ಸರ್. ನಮ್ಮವ್ವ ಕೇಳಿದ್ರ ಬೈತಾಳ,” ಅಂದಳು ಆ ಹುಡುಗಿ.

ಅವತ್ತಿನಿಂದ ನಮ್ಮ ಬಂಡೆಯ ಭಾಷೆ ಬದಲಾಯಿತು. ಕನ್ನಡದ ಮಕ್ಕಳು ‘ಬರ್ಲಾ?’ ಅಂತ ಕೇಳುತ್ತಾರೆ. ಮರಾಠಿ ಮಕ್ಕಳು ‘ಯೇವೂ ಕಾ?’ ಅಂತ ಕೇಳುತ್ತಾರೆ, ಅದೂ ‘ಬರ್ಲಾ’ ಅಂತಲೇ. ಎರಡು ಹಗ್ಗ ಪಕ್ಕಪಕ್ಕ ಬಿಟ್ಟಿರುತ್ತೇವೆ. ಬರೀ ‘ಬರ್ಲಾ’ ಅಂದರೆ ಯಾವ ಹಗ್ಗದವರನ್ನು ಕೇಳಿದ್ದು ಅಂತ ತಿಳಿಯುವುದಿಲ್ಲ, ಅದಕ್ಕೇ ಹಗ್ಗ ಹಿಡಿದವರನ್ನು ಕರೆದು ಕೇಳಬೇಕು. ಹಿರಿಯರನ್ನು ಹೆಸರು ಹಿಡಿದು ಕೂಗುವ ರೂಢಿ ನಮ್ಮಲ್ಲಿಲ್ಲ. ಆಚೆಯ ಹಗ್ಗ ಹಿಡಿಯುವವನು ಎಲ್ಲರಿಗೂ ‘ಅಣ್ಣಾ’ ಆದ. ನನ್ನನ್ನು ಏನೆಂದು ಕೂಗಬೇಕೆಂಬುದನ್ನು ಮಕ್ಕಳಿಗೇ ಬಿಟ್ಟೆವು. ಇಷ್ಟೂ ಹೇಳಲು ಕೂತದ್ದು ಆ ಕೂಗಿನ ಸಲುವಾಗಿಯೇ.

ನಮ್ಮ ಕೇಂದ್ರ ಇರುವುದು ಪಾಲಬಾವಿಯ ಕಡೆಯ ಒಂದು ಒಣ ಗುಡ್ಡದ ಬುಡದಲ್ಲಿ. ಬೋರ್ಡಿನ ಮೇಲೆ ‘ಸಾಹಸ ತರಬೇತಿ ಕೇಂದ್ರ’ ಅಂತಿದೆ, ಸುತ್ತಲಿನವರ ಬಾಯಲ್ಲಿ ಮಾತ್ರ ಅದು ‘ಹಗ್ಗದ ಸಾಲಿ’. ಒಂದು ಕರೀ ಬಂಡೆ, ನಾಲ್ಕು ಬೇವಿನ ಮರ, ಸಾಲಾಗಿ ಟೆಂಟುಗಳು, ತಗಡಿನ ಅಡುಗೆಮನೆ. ಹೊಳೆಯ ಪಾಠಕ್ಕೆ ಮಕ್ಕಳನ್ನು ಟ್ರ್ಯಾಕ್ಸ್ ಗಾಡಿಯಲ್ಲಿ ಕೂರಿಸಿಕೊಂಡು ಅಂಕಲಿಯ ಹತ್ತಿರ ಕೃಷ್ಣೆಗೆ ಹೋಗುತ್ತೇವೆ. ದೀಪಾವಳಿ ಸೂಟಿ, ಬ್ಯಾಸಿಗೆ ಸೂಟಿ ಬಂತೆಂದರೆ ನಿಪ್ಪಾಣಿ, ಚಿಕ್ಕೋಡಿ, ಅಥಣಿ, ಕಾಗವಾಡದ ಕಡೆಯಿಂದ ಮಕ್ಕಳು ಬರುತ್ತಾರೆ. ನಾನು ಇಲ್ಲಿಯ ಮ್ಯಾನೇಜರ್. ಬೋರ್ಡಿನ ಮೇಲೆ ಆ ಪದ ಚಂದ ಕಾಣುತ್ತದೆ. ಕೆಲಸ ಅಂದರೆ ಟ್ಯಾಂಕರ್‌ನವನ ಜೊತೆ ಜಗಳ, ಟೆಂಟಿನ ಗೂಟ ಕಿತ್ತ ನಾಯಿಯ ಜೊತೆ ಜಗಳ, ‘ನಮ್ಮ ಹುಡುಗ ಚಪಾತಿ ಬಿಟ್ಟು ಏನೂ ತಿನ್ನಂಗಿಲ್ರಿ’ ಅಂತ ಫೋನು ಮಾಡುವ ತಾಯಂದಿರ ಜೊತೆ ಜಗಳವಲ್ಲದ ಜಗಳ. ಬೂಟು ಝಾಡಿಸದೆ ಕಾಲು ಹಾಕಬ್ಯಾಡ್ರಿ, ಚೇಳು ಇರ್ತಾವ ಅಂತ ಬೆಳಗಿನಿಂದ ಒದರುವುದು. ಊಟದ ಹೊತ್ತು ನೋಡುವುದು. ಜೈನರ ಮನೆಯ ಮಕ್ಕಳಿಗೆ ಹೊತ್ತು ಮುಳುಗುವುದರೊಳಗೆ ಊಟ ಆಗಬೇಕು. ನಾನೂ ಅಂಥದೇ ಮನೆಯವಳು, ಐನಾಪುರದ ಕಡೆಯವಳು. ಹೀಗಾಗಿ ನಮ್ಮಲ್ಲಿ ಎಲ್ಲರಿಗೂ ಬೆಳಕಿರುವಾಗಲೇ ರೊಟ್ಟಿ, ಝುಣಕ. ಉಳಿದ ಮಕ್ಕಳು ದೀಪ ಹಚ್ಚುವ ಹೊತ್ತಿಗೆ ‘ಹಸಿವ್ರಿ’ ಅಂತ ಅಡುಗೆಮನೆ ಸುತ್ತತೊಡಗುತ್ತವೆ. ಅವಕ್ಕೆ ಚುರುಮುರಿ.

ಇಷ್ಟೆಲ್ಲದರ ನಡುವೆ ನನಗೆ ನಿಜವಾಗಿ ಬೇಕಾದ ಕೆಲಸ ಒಂದೇ ಇತ್ತು. ಹಗ್ಗದ ಕೆಳತುದಿ ಹಿಡಿದು ನಿಲ್ಲುವುದು. ನೋಡುವವರಿಗೆ ಅದು ಸುಮ್ಮನೆ ನಿಂತಂತೆ ಕಾಣುತ್ತದೆ. ಇಳಿಯುವವರ ಕೈ ಜಾರಿದರೆ ಕೆಳಗಿನಿಂದ ಹಗ್ಗ ಬಿಗಿಯಾಗಿ ಜಗ್ಗಿದರೆ ಸಾಕು, ಅವರು ಇದ್ದಲ್ಲೇ ನಿಲ್ಲುತ್ತಾರೆ. ಜಗ್ಗುವ ಪ್ರಸಂಗ ಬರುವುದು ಅಪರೂಪ. ಆದರೆ ಅವರ ಕಾಲು ನೆಲಕ್ಕೆ ತಾಗುವ ತನಕ ಕಣ್ಣು ಕೀಳುವಂತಿಲ್ಲ. ಬಂಡೆ ಇಳಿಯುವ ಮಗುವಿನ ಬೆನ್ನು ಮಾತ್ರ ಕೆಳಗಿನವರಿಗೆ ಕಾಣುತ್ತದೆ. ಒಂದೊಂದು ಬೆನ್ನಿಗೂ ಒಂದೊಂದು ರೀತಿಯ ಹೆದರಿಕೆ ಇರುತ್ತದೆ. ಅದನ್ನು ನೋಡುತ್ತ ನಿಲ್ಲುವುದು ನನಗೆ ಇಷ್ಟವಾಗಿತ್ತು.

ನನಗೆ ಮಗು ಬೇಕಾಗಿತ್ತು. ಇದನ್ನು ಸುತ್ತಿ ಬಳಸಿ ಹೇಳುವ ವಯಸ್ಸು ದಾಟಿದೆ. ಮಿರಜಿನ ದವಾಖಾನೆಗಳ ಮೆಟ್ಟಿಲು ಹತ್ತಿ ಇಳಿದು, ಹರಕೆ ಹೊತ್ತು, ಉಪವಾಸ ಮಾಡಿ, ಕೊನೆಗೆ ಸಾಕು ಅಂತ ನಾವಿಬ್ಬರೂ ಒಂದು ದಿನ ಚಹಾ ಕುಡಿಯುತ್ತ ತೀರ್ಮಾನ ಮಾಡಿದೆವು. ಅದಾದ ಮೇಲೇ ಈ ಗುಡ್ಡ ಹಿಡಿದದ್ದು. ಕೇಂದ್ರ ಶುರುವಾದಾಗ ಸಾಮಾನು ತರಲು ಇಬ್ಬರೂ ಕೊಲ್ಲಾಪುರಕ್ಕೆ ಹೋದೆವು. ಹಗ್ಗ, ಕೊಂಡಿ, ಸೊಂಟದ ಪಟ್ಟಿ ಎಲ್ಲ ಅವರು ಆರಿಸಿದರು. ಹೆಲ್ಮೆಟ್ಟುಗಳ ರಾಶಿಯಲ್ಲಿ ನಾನೊಂದು ಹಳದಿ ಬಣ್ಣದ್ದನ್ನು ಎತ್ತಿಕೊಂಡೆ, ಅಂಗೈಯಲ್ಲಿ ಕೂರುವಷ್ಟು ಸಣ್ಣದು.

“ಇಷ್ಟ ಸಣ್ಣ ತಲಿ ಯಾರದೈತಿ? ನಮ್ಮ ಕಡೆ ಬರೂ ಹುಡುಗ್ರು ದೊಡ್ಡವರ ಇರ್ತಾವಲ್ಲ,” ಅಂದರು.

“ಇರ್ಲಿ ತಗೋರಿ,” ಅಂದೆ.

ಅವರು ಅದನ್ನೂ ಬಿಲ್ಲಿಗೆ ಸೇರಿಸಿದರು. ಕೂಸು ಹುಟ್ಟುವ ಮೊದಲೇ ಕುಲಾವಿ ಹೊಲಿಸುವವರ ಬಗ್ಗೆ ನಾನೇ ಎಷ್ಟು ನಕ್ಕಿಲ್ಲ! ನನ್ನದು ಕೂಸಿನ ಆಸೆ ಬಿಟ್ಟ ಮೇಲೆ ತಂದ ಕುಲಾವಿ. ಅದು ಸಾಮಾನಿನ ಖೋಲಿಯ ಮೊಳೆಗೆ ನೇತುಬಿದ್ದಿತು. ಯಾರ ತಲೆಗೂ ಆಗಲಿಲ್ಲ.

ನನ್ನ ತವರಿನ ವೈನಿ, ಅಂದರೆ ಅಣ್ಣನ ಹೆಂಡತಿ, ಒಮ್ಮೆ ಕ್ಯಾಂಪು ನೋಡಲು ಬಂದಳು. ಬಂಡೆಯ ಮೇಲಿನಿಂದ ಒಬ್ಬ ಹುಡುಗ ಇಳಿಯುವುದನ್ನು ಸೆರಗು ಬಾಯಿಗೆ ಹಚ್ಚಿಕೊಂಡು ನೋಡಿದಳು. ಆಮೇಲೆ ಕೈಯಲ್ಲಿನ ಚಹಾ ಆರಿಸುತ್ತ, “ಕಂಡವರ ಮಕ್ಕಳನ್ನ ಬಾವ್ಯಾಗ ನೂಕಿ ಆಳ ನೋಡಿದ್ರಂತ, ಹಂಗಾತು ನಿಮ್ಮದು,” ಅಂದಳು. ತಮಾಷೆಗೇ ಅಂದದ್ದು, ಅವಳ ಮನಸ್ಸಿನಲ್ಲಿ ಕೆಟ್ಟದ್ದಿರಲಿಲ್ಲ. ಆದರೆ ‘ಕಂಡವರ ಮಕ್ಕಳು’ ಅನ್ನುವುದು ಒಳಗೆ ಹೋಗಿ ಕೂತಿತು. “ನೂಕೂದಲ್ಲ ವೈನಿ, ಹಿಡಿಯೂದು ನನ್ನ ಕೆಲಸ,” ಅಂತ ಎದುರುತ್ತರ ಕೊಟ್ಟೆ. ಅವತ್ತು ಅಡುಗೆಯವಳ ಮೇಲೆ ವಿನಾಕಾರಣ ರೇಗಾಡಿದೆ.

ನನಗೆ ಆ ಕೂಗು ತಂದ ಹುಡುಗಿ ಬಂದದ್ದು ನಾವು ಶುರು ಮಾಡಿದ ಮೊದಲ ದೀಪಾವಳಿ ಸೂಟಿಯಲ್ಲಿ. ನಿಪ್ಪಾಣಿಯವಳು, ಮನೆಮಾತು ಮರಾಠಿ, ಹತ್ತರ ಆಸುಪಾಸಿನ ವಯಸ್ಸು, ಎರಡು ಜಡೆ, ಮೊಣಕಾಲ ಮೇಲೆ ಹಳೆಯ ಗಾಯದ ಕಲೆ. ಕನ್ನಡ ಬರುತ್ತಿತ್ತು, ಆದರೆ ಹೆದರಿಕೆಯಾದಾಗ ಮರಾಠಿಯೇ ಬಾಯಿಗೆ ಬರುತ್ತಿತ್ತು. ಬಂಡೆಯ ಅಂಚಿಗೆ ಬೆನ್ನು ಮಾಡಿ ನಿಂತು, ಕತ್ತು ಹೊರಳಿಸಿ ಕೆಳಗೆ ನೋಡಿದಳು. ನನ್ನ ಹಗ್ಗದಲ್ಲಿದ್ದಳು. ಅಷ್ಟು ಎತ್ತರದಿಂದ ಅವಳ ದನಿ ಬಂತು.

“ಯೇವೂ ಕಾ, ತಾಈ?”

ಗಡಿಯಲ್ಲಿ ಹುಟ್ಟಿ ಬೆಳೆದವಳಿಗೆ ಮರಾಠಿಯ ‘ತಾಈ’ ಅಂದರೆ ಅಕ್ಕ ಅಂತ ಗೊತ್ತಿರಲಿಲ್ಲವೇ ಅಂತ ಕೇಳಬಹುದು. ಗೊತ್ತಿತ್ತು. ದಿನಕ್ಕೆ ಹತ್ತು ಸಲ ಕೇಳುವ ಮಾತು. ಬರೆದರೆ ಎರಡೂ ಬೇರೆ. ಬಂಡೆಯ ಮೇಲಿನಿಂದ ಗಾಳಿಯಲ್ಲಿ ಬಂದಾಗ ಮಾತ್ರ ಅದು ನನ್ನ ಕನ್ನಡದ ಕಿವಿಗೆ ‘ತಾಯಿ’ ಅಂತಲೇ ಬಿತ್ತು. ತಲೆ ಇದು ಅಕ್ಕ ಅಂತ ತಿದ್ದುವುದರೊಳಗೆ ನನ್ನ ಕೈಗಳು ಹಗ್ಗವನ್ನು ಬಿಗಿಹಿಡಿದಿದ್ದವು. ‘ಬಾ’ ಅಂದೆ. ದನಿ ನನ್ನದೆಂದು ನನಗೇ ಅನಿಸಲಿಲ್ಲ. ಅವಳು ಇಳಿದು ನೆಲ ಮುಟ್ಟಿ, ನಡುಗುತ್ತಲೇ ನಕ್ಕು, ಇನ್ನೊಂದು ಸಲ ಇಳೀಲಾ ಅಂತ ಕೇಳಿದಳು. ಅವತ್ತು ಅವಳಿಗೆ ಮೂರು ನಾಲ್ಕು ಸಲ ಅವಕಾಶ ಕೊಟ್ಟೆ. ಸಾಲಿನಲ್ಲಿ ನಿಂತ ಮಿಕ್ಕವರು ಗೊಣಗಿದರು.

ಅವಳ ಕೂಗು ಕೇಳಿದ ಕನ್ನಡದ ಮಕ್ಕಳು ಅದು ಕನ್ನಡದ್ದೇ ಮಾತೆಂದು ತಿಳಿದು ತಾವೂ ‘ಬರ್ಲಾ ತಾಯೀ?’ ಅಂತ ಕೂಗತೊಡಗಿದರು. ಅಥಣಿ ಕಡೆಯ ಹುಡುಗರು ರಾಗ ಎಳೆದು ‘ತಾಯೀ’ ಅಂದರೆ ಭಿಕ್ಷೆಗೆ ಬಂದವರು ಬಾಗಿಲಲ್ಲಿ ಕೂಗಿದ ಹಾಗಿರುತ್ತಿತ್ತು. ನಕ್ಕುಬಿಡುತ್ತಿದ್ದೆ. ಸಂಜೆ ಹಗ್ಗ ಸುತ್ತುವಾಗ ಇವರು ನನ್ನ ಮುಖ ನೋಡಿ, “ತಾಈ ಅಂದ್ರ ಅಕ್ಕ, ಗೊತ್ತೈತಿಲ್ಲ?” ಅಂದರು. ಮೆತ್ತಗೇ ಅಂದರು, ನನಗೆ ಪೆಟ್ಟಾಗಬಾರದೆಂಬ ಎಚ್ಚರ ಆ ದನಿಯಲ್ಲಿತ್ತು. “ಗೊತ್ತೈತ್ರಿ. ನನ್ನ ಕಿವಿ, ನನಗ ಹೆಂಗ ಕೇಳಿಸ್ತೈತಿ ಹಂಗ ಕೇಳ್ತೀನಿ,” ಅಂದೆ. ಅವರು ಹಗ್ಗದ ಇನ್ನೊಂದು ತುದಿ ಸುತ್ತತೊಡಗಿದರು.

ಕ್ಯಾಂಪಿನ ಕೊನೆಯ ದಿನ ಅವಳ ಅವ್ವ ಕರೆದುಕೊಂಡು ಹೋಗಲು ಬಂದಳು. ತಂಬಾಕಿನ ವಖಾರಿಯಲ್ಲಿ ಕೆಲಸ ಮಾಡುವ ಹೆಂಗಸು. ಸೆರಗಿನಿಂದ ತಂಬಾಕಿನ ವಾಸನೆ ಬರುತ್ತಿತ್ತು. ಬಸ್ಸಿಳಿದು ಬಿಸಿಲಲ್ಲಿ ನಡೆದು ಬಂದಿದ್ದಳು. ಅವಳು ಗೇಟಿನಲ್ಲಿ ಕಂಡದ್ದೇ ತಡ, ಹುಡುಗಿ ಸೊಂಟದ ಪಟ್ಟಿಯನ್ನೂ ಬಿಚ್ಚದೆ, ಕೊಂಡಿಗಳು ಖಣಖಣ ಅನ್ನುತ್ತಿರುವಾಗಲೇ ‘ಆಈ!’ ಅಂತ ಓಡಿದಳು. ಮರಾಠಿಯಲ್ಲಿ ಹೆತ್ತವ್ವನಿಗೆ ಆಈ ಅಂತಾರೆ. ಆ ಕೂಗಿನಲ್ಲಿ ಯಾವ ಗೊಂದಲವೂ ಇರಲಿಲ್ಲ, ನನ್ನ ಕಿವಿ ಅದನ್ನು ಹೇಗೂ ತಿರುಚಿಕೊಳ್ಳುವಂತಿರಲಿಲ್ಲ. ಆ ಹೆಂಗಸು ನನ್ನ ಕೈ ಹಿಡಿದು, ನೀವಿದ್ದೀರಿ ಅಂತಲೇ ಧೈರ್ಯ ಮಾಡಿ ಕಳಿಸಿದೆ ಅಂತ ಮರಾಠಿಯಲ್ಲಿ ಹೇಳಿದಳು. ಒಳ್ಳೆಯ ಹೆಂಗಸು. ನನಗೆ ಹೊಟ್ಟೆಕಿಚ್ಚಾಯಿತು. “ಊಟಾ ಮಾಡಿ ಹೋಗ್ರಿ,” ಅಂತಷ್ಟೇ ಹೇಳಿ ಅಡುಗೆಮನೆಗೆ ಹೊರಟೆ.

ಆಮೇಲೆ ಹುಡುಗಿ ಪ್ರತಿ ಸೂಟಿಗೂ ಬಂದಳು. ವರ್ಷವರ್ಷಕ್ಕೂ ಜಡೆ ಉದ್ದವಾಯಿತು, ಒಂದು ವರ್ಷ ಒಂದೇ ಜಡೆಯಾಯಿತು. ಕಾಲೇಜು ಮುಗಿಸಿ, ತರಬೇತಿ ಪಡೆದು, ನಮ್ಮಲ್ಲೇ ಕಲಿಸುವವಳಾಗಿ ಸೇರಿಕೊಂಡಳು. ಅವು ನನ್ನ ಬದುಕಿನ ಒಳ್ಳೆಯ ವರ್ಷಗಳು. ಬೆಳಗಿನ ಹೊತ್ತು ನಾವಿಬ್ಬರೂ ಬೇವಿನ ಕೆಳಗೆ ಕೂತು ಹಗ್ಗ ನೋಡುತ್ತಿದ್ದೆವು. ಮೊಳಮೊಳವಾಗಿ ಬೆರಳುಗಳ ನಡುವೆ ಸರಿಸುತ್ತ, ಎಲ್ಲಾದರೂ ಮೆತ್ತಗಾಗಿದೆಯೇ, ಎಳೆ ಎದ್ದಿದೆಯೇ ಅಂತ ಹುಡುಕುವ ಕೆಲಸ. ನನ್ನ ಕೈಯಿಂದ ಹೊರಟ ಹಗ್ಗ ಅವಳ ಕೈಗೆ ಹೋಗುತ್ತಿತ್ತು. ನಾನು ತಪ್ಪಿಸಿದ್ದನ್ನು ಅವಳು ಹಿಡಿಯುತ್ತಿದ್ದಳು, ಅವಳು ತಪ್ಪಿಸುತ್ತಿದ್ದುದು ಕಡಿಮೆ. ಆ ಹೊತ್ತಿನಲ್ಲಿ ಅವಳಿಗೆ ಎಲ್ಲ ಸುದ್ದಿಯೂ ಬೇಕು. ವೈನಿ ಏನಂದಳು, ನಾಯಿ ಎಷ್ಟು ಮರಿ ಹಾಕಿತು, ಸರ್ ಯಾಕೆ ಮುಖ ಗಂಟಿಕ್ಕಿಕೊಂಡಿದ್ದಾರೆ. ಜಗಳವೂ ಆಗುತ್ತಿತ್ತು. ಅಂಕಲಿಯ ಹೊಳೆಯಲ್ಲಿ ಬೋಟು ನಡೆಸುವಾಗ ತಾನು ಮಾತ್ರ ತೇಲುವ ಜಾಕೀಟಿನ ಗುಂಡಿ ಹಾಕುತ್ತಿರಲಿಲ್ಲ. ದಂಡೆಯ ಮೇಲೆ ನಿಂತು ನಾನು ಬೈಯುತ್ತಿದ್ದೆ. “ತಾಈ, ತುಮ್ಹೀ ಪಣ!” ಅಂದರೆ ‘ಅಕ್ಕಾ, ನೀವೂ ಒಬ್ಬರು’ ಅಂತ ನಗುತ್ತ ಗುಂಡಿ ಹಾಕುತ್ತಿದ್ದಳು. ನನಗೆ ಅದು ‘ತಾಯಿ’ ಅಂತಲೇ ಕೇಳುತ್ತಿತ್ತು.

ಅವಳಿಗೆ ಮದುವೆಯಾಯಿತು. ಅಥಣಿ ಕಡೆಯ ದ್ರಾಕ್ಷಿ ತೋಟದ ಮನೆ, ಕನ್ನಡದ ಮನೆ, ಒಳ್ಳೆಯ ಹುಡುಗ. ಮದುವೆಯ ಮುಂಚೆ ಇಲ್ಲಿಂದ ಹೊರಟ ದಿನ ಅವಳು ಚೀಲ ಹೆಗಲಿಗೇರಿಸಿ ನನ್ನ ಮುಂದೆ ನಿಂತು, “ಯೇತೇ, ತಾಈ,” ಅಂದಳು. ಹೋಗುತ್ತೇನೆ ಅನ್ನಲು ಅವರೂ ‘ಬರುತ್ತೇನೆ’ ಅಂತಲೇ ಅನ್ನುವುದು. ನಾನು ಹಗ್ಗ ಹಿಡಿದಾಗ ಅಂದ ಹಾಗೆಯೇ “ಬಾ” ಅಂದೆ. ಹೇಳುವುದು ಬೇಕಾದಷ್ಟಿತ್ತು. ಕಾಯಿದೆ ಮೀರಿ ಇನ್ನೊಂದು ಮಾತು ಸೇರಿಸಲಿಲ್ಲ. ಇವರು ಅವಳನ್ನು ಬಸ್ಸಿಗೆ ಬಿಟ್ಟು ಬರುವ ತನಕ ನಾನು ಬಂಡೆಯ ಕೆಳಗೆ ಕೂತಿದ್ದೆ, ಅವತ್ತು ಯಾರೂ ಇಳಿಯುವವರಿರಲಿಲ್ಲ.

ಊರಿಗೆ ಬಂದವಳು ನೀರಿಗೆ ಬಾರದೇ ಇರ್ತಾಳಾ, ಅಥಣಿ ಏನು ದೂರ ಅಂತ ಸಮಾಧಾನ ಮಾಡಿಕೊಂಡೆ. ಅವಳು ಬರಲಿಲ್ಲ. ಮೊದಲು ಫೋನು ಬರುತ್ತಿತ್ತು. ದ್ರಾಕ್ಷಿ ಕಟಾವು, ಅತ್ತೆಯ ಕಾಲು ನೋವು, ಬಸುರಿಯ ವಾಕರಿಕೆ. ಆಮೇಲೆ ಮಗಳು ಹುಟ್ಟಿದ ಸುದ್ದಿ. ಆಮೇಲೆ ಹಬ್ಬಕ್ಕೊಂದು ಫೋಟೋ. ಮನೆ, ತೋಟ, ಕೂಸು ಅಂದರೆ ಯಾರಿಗೂ ಬಿಡುವಾಗುವುದಿಲ್ಲ, ಅದು ನನಗೂ ಗೊತ್ತು. ಗೊತ್ತಿದ್ದರೇನು? ಬೆಳಿಗ್ಗೆ ಬೇವಿನ ಕೆಳಗೆ ಹಗ್ಗ ನೋಡುವಾಗ ಅದು ನನ್ನ ಕೈಯಿಂದ ಹೊರಟು ನೆಲದ ಮೇಲೆ ಬೀಳುತ್ತಿತ್ತು. ಅದನ್ನು ನಾನೇ ಎದ್ದು ಎರಡನೇ ಸಲ ನೋಡುತ್ತಿದ್ದೆ. ಯಾವುದಾದರೂ ಗಾಡಿ ಗೇಟಿನ ಹತ್ತಿರ ನಿಧಾನವಾದರೆ ಕತ್ತು ಎತ್ತುತ್ತಿದ್ದೆ. ಟ್ಯಾಂಕರ್‌ನವನೇ ಆಗಿರುತ್ತಿದ್ದ. ಅವನಿಗೆ ಸುಮ್ಮನೆ ಬೈಗುಳ ಬೀಳುತ್ತಿದ್ದವು.

ಹೀಗಿರುವಾಗ ನನ್ನ ತಲೆ ಬೆಳ್ಳಗಾಯಿತು. ಮಕ್ಕಳ ಕೂಗೂ ಬದಲಾಯಿತು. ‘ತಾಈ’ ಅನ್ನುವುದು ಕಡಿಮೆಯಾಗಿ ‘ಕಾಕೂ’ ಬಂತು, ಚಿಕ್ಕಮ್ಮ ಅಂದ ಹಾಗೆ. ಅದನ್ನೂ ಒಪ್ಪಿಕೊಂಡೆ. ಹೋದ ಬ್ಯಾಸಿಗೆ ಸೂಟಿಯಲ್ಲಿ ಐನಾಪುರದ ಒಬ್ಬ ಹುಡುಗಿ, ನನ್ನ ತವರಿನ ಕಡೆಯದೇ ಕೂಸು, ಬಂಡೆಯ ಅಂಚಿನಲ್ಲಿ ನಿಂತು ಚೊಕ್ಕ ಕನ್ನಡದಲ್ಲಿ ಕೂಗಿದಳು.

“ಬರ್ಲಾ, ಆಯೀ?”

ಅವತ್ತು ಗೇಟಿನಲ್ಲಿ ಕೇಳಿದ್ದ ಅದೇ ಸದ್ದು. ಮರಾಠಿಯಲ್ಲಿ ಅವ್ವ. ಆದರೆ ನಮ್ಮ ಕಡೆಯ ಕನ್ನಡದಲ್ಲಿ ಆಯಿ ಅಂದರೆ ಅಜ್ಜಿ. ಈ ಸಲ ಕಿವಿಗೆ ಮೋಸ ಮಾಡಲು ಆಗಲಿಲ್ಲ, ಕೂಗಿದ್ದು ನನ್ನದೇ ಊರಿನ ಕೂಸು. ನಾನು ‘ಬಾ’ ಅಂದೆ, ಅವಳು ಇಳಿದಳು, ಕೆಲಸ ಮುಗಿಯಿತು. ಸಂಜೆ ಇವರ ಮುಂದೆ ಕೂತು ಅತ್ತುಬಿಟ್ಟೆ. ಅಕ್ಕ ಆಗಿದ್ದವಳು ಸೀದಾ ಅಜ್ಜಿಯಾದೆ, ನಡುವಿನದೊಂದು ಮೆಟ್ಟಿಲು ಯಾರು ಕಿತ್ತುಕೊಂಡು ಹೋದರು ಅಂತ ಕೇಳಿದೆ. ಇವರು ನನ್ನ ಬೆನ್ನ ಮೇಲೆ ಕೈಯಿಟ್ಟರು. “ತಲಿಗೆ ಬಣ್ಣಾ ಹಚ್ಚಗೋ,” ಅಂದರು ಆಮೇಲೆ. ಅಳುವಿನ ನಡುವೆಯೇ ನಗು ಬಂತು.

ಈ ದೀಪಾವಳಿ ಮುಗಿದ ಮೇಲೆ, ಸೂಟಿಯ ಮಕ್ಕಳೆಲ್ಲ ಹೋಗಿ ಟೆಂಟು ಬಿಚ್ಚುತ್ತಿದ್ದ ದಿನ, ಗೇಟಿನ ಹತ್ತಿರ ಒಂದು ಗಾಡಿ ನಿಧಾನವಾಯಿತು. ಟ್ಯಾಂಕರ್ ಇರಬೇಕೆಂದು ನಾನು ಎದ್ದು ನೋಡಲಿಲ್ಲ. “ತಾಈ,” ಅಂತ ಬೆನ್ನ ಹಿಂದೆ ದನಿ ಬಂತು.

ದಪ್ಪಗಾಗಿದ್ದಳು. ಮುಖದಲ್ಲಿ ಹಳೆಯ ನಗುವೇ ಇತ್ತು. ಕೈ ಹಿಡಿದುಕೊಂಡು ನಿಂತಿದ್ದ ನಾಲ್ಕು ವರ್ಷದ ಮಗಳು ಅವ್ವನ ಸೀರೆಯ ಹಿಂದಿನಿಂದ ನನ್ನನ್ನು ಇಣುಕಿ ನೋಡುತ್ತಿದ್ದಳು. ಕೂಸು ಮಾತಾಡುವುದು ಅಪ್ಪಟ ಅಥಣಿ ಕನ್ನಡ, ಅಪ್ಪನ ಮನೆಯದು.

“ಈಕಿ ಯಾರಬೇ ಅವ್ವಾ?”

“ಆಯಿ ಅನ್ನು,” ಅಂದಳು ಇವಳು.

ಮಾತು ನೆಟ್ಟಗೆ ಎದೆಗೆ ಬಂತು. ಕೂಸಿಗೆ ನಾನು ಆಯಿ, ಅಜ್ಜಿ. ಅಥಣಿಯ ಕಡೆ ತಲೆ ಬೆಳ್ಳಗಾದ ಪ್ರತಿಯೊಬ್ಬಳೂ ಮಕ್ಕಳಿಗೆ ಆಯಿಯೇ, ಕಾಯಿಪಲ್ಲೆ ಮಾರುವವಳೂ ಆಯಿ. ಹಾಗೆ ಹೇಳಿಕೊಟ್ಟಳೋ, ಅಥವಾ ತನ್ನ ಅವ್ವನ ಜಾಗದಲ್ಲಿ ನನ್ನನ್ನು ಇಟ್ಟು ಹೇಳಿಕೊಟ್ಟಳೋ? ಕೇಳಬೇಕೆಂದು ನಾಲಗೆಯ ತುದಿಗೆ ಬಂತು. ಕೇಳಿದರೆ ಅವಳು ನಕ್ಕು ‘ದೊಡ್ಡವರಿಗೆಲ್ಲ ಹಂಗ ಅಂತೈತ್ರಿ ಕೂಸು’ ಅಂದುಬಿಟ್ಟರೆ? ರೊಟ್ಟಿ ಬಡಿಯಲು ಹೇಳಿಬರುತ್ತೇನೆಂದು ಅಡುಗೆಮನೆಗೆ ಹೋದೆ. ಅವಳ ಅವ್ವ ಬಂದಾಗಲೂ ಹೀಗೆಯೇ ಓಡಿದ್ದೆನಲ್ಲ ಅಂತ ಅಲ್ಲಿ ನೆನಪಾಯಿತು.

ಊಟವಾದ ಮೇಲೆ ಅವಳು ಬಂಡೆಯ ಕಡೆಗೇ ನೋಡತೊಡಗಿದಳು. “ಒಮ್ಮೆ ಇಳೀಲ್ರಿ ಸರ್?” ಅಂತ ಇವರನ್ನು ಕೇಳಿದಳು. ಮದುವೆಯಾದ ಮೇಲೆ ಹಗ್ಗ ಮುಟ್ಟಿರಲಿಲ್ಲವಂತೆ. ನನ್ನ ಹಳೆಯ ಪ್ಯಾಂಟು ಹಾಕಿಕೊಂಡಳು, ಸೊಂಟದ ಪಟ್ಟಿಯನ್ನು ಎರಡು ಸಲ ಸಡಿಲು ಮಾಡಬೇಕಾಯಿತು. ತಾನೇ ನಕ್ಕಳು. ಇವರು ಅವಳ ಜೊತೆ ಮೇಲೆ ಹೋದರು, ನಾನು ಕೆಳಗೆ ನಿಂತೆ. ಕೂಸನ್ನು ಎಲ್ಲಿ ನಿಲ್ಲಿಸುವುದು? ಬಂಡೆಯಿಂದ ದೂರ, ಸುಣ್ಣದ ಗೆರೆಯ ಆಚೆ ನಿಲ್ಲುವವರಿಗೂ ನಮ್ಮಲ್ಲಿ ತಲೆಗೆ ಹೆಲ್ಮೆಟ್ ಬೇಕು. ಸಾಮಾನಿನ ಖೋಲಿಗೆ ಹೋಗಿ ಮೊಳೆಯ ಮೇಲಿನ ಹಳದಿ ಹೆಲ್ಮೆಟ್ಟನ್ನು ತಂದು, ಧೂಳು ಒರೆಸಿ, ಅದರ ತಲೆಗೆ ಹಾಕಿದೆ. ಹೇಳಿ ಮಾಡಿಸಿದ ಹಾಗೆ ಕೂತಿತು. ಪಟ್ಟಿ ಬಿಗಿದು ಎರಡೆರಡು ಸಲ ಜಗ್ಗಿ ನೋಡಿದೆ. ವರ್ಷಗಳಾದ ಹೆಲ್ಮೆಟ್ ಬಂಡೆ ಏರುವವರಿಗೆ ಕೊಡುವಂತಿಲ್ಲ, ಅದು ನನಗೂ ಗೊತ್ತು. ಕೂಸು ನಿಂತದ್ದು ಗೆರೆಯ ಎಷ್ಟೋ ಆಚೆ, ನನ್ನ ಬೆನ್ನ ಹಿಂದೆ.

ಅವಳು ಅಂಚಿಗೆ ಬಂದು ಬೆನ್ನು ಮಾಡಿ ನಿಂತಳು. ಆ ಬೆನ್ನನ್ನು ನಾನು ಎಷ್ಟು ಸಲ ನೋಡಿಲ್ಲ! ಇಲ್ಲಿ ಕಲಿಸುವ ಹೊತ್ತಿಗೆ ಯಾವ ಹೆದರಿಕೆಯೂ ಉಳಿಯದ ಬೆನ್ನಾಗಿತ್ತು ಅದು. ಇವತ್ತು ಹತ್ತು ವರ್ಷದ ಹುಡುಗಿಯ ಬೆನ್ನಿನ ಹಾಗೆ ನಡುಗುತ್ತಿತ್ತು. ಇವರು ಏನೋ ಹೇಳಿದರು, ಅವಳು ತಲೆ ಅಲ್ಲಾಡಿಸಿದಳು, ಆಗುವುದಿಲ್ಲ ಅಂದ ಹಾಗೆ. ಮತ್ತೆ ಕತ್ತು ಹೊರಳಿಸಿ ಕೆಳಗೆ ನೋಡಿದಳು. ನನ್ನನ್ನೇ ನೋಡಿದಳು. ಕೂಗಿದಳು.

“ಯೇವೂ ಕಾ, ಆಈ?”

ಮರಾಠಿಯಲ್ಲಿ. ಹೆದರಿಕೆಯಾದಾಗ ಅವಳ ಬಾಯಿಗೆ ಬರುವ ಅವಳದೇ ಭಾಷೆಯಲ್ಲಿ. ‘ತಾಈ’ ಅನ್ನಲಿಲ್ಲ, ಗೇಟಿನ ಕಡೆ ಓಡಿದ ದಿನ ಅವಳ ಬಾಯಲ್ಲಿದ್ದ ಮಾತನ್ನೇ ಅಂದಳು. ನನ್ನ ಕಿವಿ ಏನನ್ನೂ ತಿರುಚಬೇಕಾಗಿರಲಿಲ್ಲ. ಹಗ್ಗ ನನ್ನ ಕೈಯಲ್ಲಿ ಬಿಗಿಯಾಗಿತ್ತು. ನಾನು ‘ಬಾ’ ಅನ್ನುವ ತನಕ ಅವಳು ಹೆಜ್ಜೆ ಎತ್ತುವಂತಿರಲಿಲ್ಲ, ಮತ್ತು ನನ್ನಿಂದ ಆ ಒಂದು ಮಾತು ಹೊರಡುತ್ತಿರಲಿಲ್ಲ.

ಬೆನ್ನ ಹಿಂದಿನಿಂದ ಕೂಸು ಜೋರಾಗಿ ಹೇಳಿತು, “ಆಯಿ, ನಮ್ಮವ್ವಗ ಏನೂ ತಿಳಿಯಂಗಿಲ್ಲ ನೋಡು. ನಿನಗ ಆಯಿ ಅಂತಾಳ. ನೀ ನನಗ ಆಯಿ, ಅಕೀಗಲ್ಲ.”

ಮೇಲಿನಿಂದ ಮತ್ತೆ ಕೂಗು ಬಂತು. “ಆಈ?”

“ಬಾ ಮಗಳ,” ಅಂದೆ.

ಒಂದು ಮಾತು ಹೆಚ್ಚಾಗಿತ್ತು. ಇವರು ಮೇಲಿಂದ ಗದರುತ್ತಾರೆ ಅಂದುಕೊಂಡೆ, ಅವರು ಗದರಲಿಲ್ಲ. ಅವಳು ಹಿಂದಕ್ಕೆ ವಾಲಿ ಮೊದಲ ಹೆಜ್ಜೆ ಇಟ್ಟಳು.

“ಮಗಳಲ್ಲಬೇ ಆಯಿ, ಅಕಿ ನಮ್ಮವ್ವ!” ಅಂತ ಕೂಸು ಸಿಟ್ಟಿನಿಂದ ಕಾಲು ಅಪ್ಪಳಿಸಿತು. “ನಿಮ್ಮಿಬ್ಬರಿಗೂ ಕರಿಯಾಕ ಬರಂಗಿಲ್ಲ.”

“ಹೌದವಾ, ಬರಂಗಿಲ್ಲ,” ಅಂದೆ. ತಿರುಗಿ ಅದರ ಮುಖ ನೋಡುವಂತಿರಲಿಲ್ಲ, ಅದರ ಅವ್ವ ಇನ್ನೂ ಅರ್ಧ ಬಂಡೆಯ ಮೇಲಿದ್ದಳು.